ಕಂಡದ್ದೆಷ್ಟು, ಊಹಿಸಿದ್ದೆಷ್ಟು: ಯಂತ್ರದ ಕಣ್ಣಿಗೊಂದು ಪರೀಕ್ಷೆ



1800ರಲ್ಲಿ ಲಂಡನ್ನಿನ ಜನ ಲೈಸಿಯಂ ಎಂಬಲ್ಲಿ ದುಡ್ಡು ಕೊಟ್ಟು ಶ್ರೀರಂಗಪಟ್ಟಣ ನೋಡಿದರು. ಹರೆಯದ ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಹಿಂದಿನ ವರ್ಷದ ಮೇ 4ರ ಲಗ್ಗೆಯನ್ನು ಬರೆದಿದ್ದ. ಒಡೆದ ಕೋಟೆಗೋಡೆ, ಹೊಗೆ, ನೂರಾರು ಆಳುಗಳು ಎಲ್ಲವೂ ಅದರಲ್ಲಿದ್ದವು. ಅವನು ಮಾತ್ರ ಈ ಊರನ್ನು ಕಂಡವನಲ್ಲ. ಬೇರೆಯವರು ಹೇಳಿದ್ದನ್ನು ಕೇಳಿ ಬರೆದವನು. ಅದೇ ಲಗ್ಗೆಯಲ್ಲಿ ಸೈನಿಕನಾಗಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಹಾಸಿ ಒಂದು ಗೆರೆಯನ್ನು ಅಳೆದ. ಆ ಗೆರೆಯ ಎರಡು ತುದಿಗಳಿಂದ ಕೋನ ಹಿಡಿದು ಮೂರನೆಯ ಬಿಂದು, ಅಲ್ಲಿಂದ ಮುಂದಿನದು, ಹೀಗೆ ತ್ರಿಕೋನಗಳ ಬಲೆ ಹೆಣೆಯುತ್ತ ಹೋದ.

ಇಂದಿನ ಕಂಪ್ಯೂಟರ್ ವಿಷನ್‌ನಲ್ಲಿ, ಅಂದರೆ ಯಂತ್ರಕ್ಕೆ ಚಿತ್ರ ನೋಡಲು ಕಲಿಸುವ ಶಾಸ್ತ್ರದಲ್ಲಿ, ಕೇಳಿ ಬರೆದವನು, ಅಳೆದು ನೋಡಿದವನು ಇಬ್ಬರೂ ಒಂದೇ ಯಂತ್ರದೊಳಗೆ ಕುಳಿತಿದ್ದಾರೆ. ಯಾವ ಉತ್ತರ ಯಾರದು ಎಂದು ಗುರುತಿಸುವುದು ಹೇಗೆ? ನನ್ನ ಉಪನ್ಯಾಸ ಇಷ್ಟಕ್ಕೇ.

ಮೊದಲು ಲ್ಯಾಂಬ್ಟನ್ ದಾರಿ. ಕಲ್ಲಿನ ಅವೇ ಹಲವು ಮೂಲೆಗಳು ಎರಡು ಫೋಟೊಗಳಲ್ಲೂ ಸಿಕ್ಕರೆ, ಕ್ಯಾಮೆರಾ ಎಲ್ಲಿತ್ತು, ಮೂಲೆಗಳು ಎಲ್ಲಿವೆ ಎರಡನ್ನೂ ಲೆಕ್ಕ ಹಾಕಬಹುದು. 2009ರಲ್ಲಿ ಸಮೀರ್ ಅಗರ್ವಾಲ್ ಮತ್ತು ಸಂಗಡಿಗರು ಪ್ರವಾಸಿಗರು ತೆಗೆದ ಸುಮಾರು ಒಂದೂವರೆ ಲಕ್ಷ ಫೋಟೊಗಳಿಂದ ರೋಮ್ ನಗರದ ಸ್ಮಾರಕಗಳನ್ನು ಒಂದು ದಿನದೊಳಗೆ ಹೀಗೆ ಕಟ್ಟಿದರು; ಅದಕ್ಕೆ ಸುಮಾರು 500 ಪ್ರೊಸೆಸರ್‌ಗಳು ದುಡಿದವು. 2020ರಲ್ಲಿ ಬಂದ ನೆರ್ಫ್ ವಿಧಾನ ಇಡೀ ದೃಶ್ಯವನ್ನು ಒಂದು ನರಜಾಲದೊಳಗೆ ಇಟ್ಟಿತು. ಒಂದು ದೃಶ್ಯ ಕಲಿಯಲು ಒಂದೆರಡು ದಿನ ಬೇಕಾಗುತ್ತಿತ್ತು. 2023ರ ಗಾಸಿಯನ್ ಸ್ಪ್ಲಾಟಿಂಗ್‌ನಲ್ಲಿ ಬಣ್ಣ, ಆಕಾರ, ಪಾರದರ್ಶಕತೆ ಹೊತ್ತ ಲಕ್ಷಾಂತರ ಮಸುಕು ಚುಕ್ಕೆಗಳೇ ದೃಶ್ಯ. ಕಲಿಕೆ ಗಂಟೆಯೊಳಗೆ ಮುಗಿಯುತ್ತದೆ, ನೋಡುವವನು ಸುತ್ತಾಡಿದಂತೆಲ್ಲ ಚಿತ್ರ ತಡೆಯಿಲ್ಲದೆ ಮೂಡುತ್ತದೆ. ವೇಗದ ಕಥೆ ಇಷ್ಟು. ಇದರಲ್ಲಿ ಹೆಮ್ಮೆಪಡಲು ಬೇಕಾದಷ್ಟಿದೆ. ನನಗೆ ತೊಡಕು ಕಾಣುವುದು ಬೇರೆ ಕಡೆ.

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಬನ್ನಿ. ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನದ ಅಧಿಷ್ಠಾನದ ಸುತ್ತ ಸಾಲು ಆನೆ, ಸಾಲು ಕುದುರೆ. ನಮ್ಮ ಕಣ್ಣಿಗೆ ಪ್ರತಿ ಆನೆಯ ನಡೆಯೂ ಬೇರೆ. ಯಂತ್ರ ಮಾತ್ರ ಈ ಮೂಲೆಯ ಆನೆಯನ್ನು ಆ ಮೂಲೆಯದಕ್ಕೆ ಜೋಡಿಸಿ, ಗೋಡೆಯನ್ನೇ ಮಡಚಿಬಿಡಬಲ್ಲದು. ಪುನರಾವರ್ತನೆ ಈ ಶಾಸ್ತ್ರದ ಹಳೆಯ ಶತ್ರು. ಒಳಗೆ ಹೋದರೆ ತಿರುಗಣೆಯಲ್ಲಿ ಕಡೆದ, ನುಣುಪಾಗಿ ಹೊಳೆಯುವ ಕಂಬಗಳು. ನಾವು ಹೆಜ್ಜೆ ಸರಿದಂತೆ ಹೊಳಪೂ ಸರಿಯುತ್ತದೆ. ಸರಿಯುವ ಹೊಳಪನ್ನು ಯಂತ್ರ ಕಲ್ಲಿನದೇ ಬಿಂದುವೆಂದು ನಂಬಿದರೆ ಕಂಬದ ಮೈ ಅಂಕುಡೊಂಕಾಗುತ್ತದೆ. ಇನ್ನೂ ಒಂದು ಮಾತು: ಬರೀ ಫೋಟೊಗಳಿಂದ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಎಲ್ಲೋ ಒಂದು ಕಡೆ ಗೊತ್ತಿರುವ ಉದ್ದದ ಕೋಲು ಇಡಲೇಬೇಕು. ಲ್ಯಾಂಬ್ಟನ್ನನ ಸರಪಳಿಯಿಂದ ನಮಗೆ ಇಂದಿಗೂ ಬಿಡುಗಡೆಯಿಲ್ಲ.

ಒಂದೇ ರೂಪದ ಕಲ್ಲುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಕೆಲಸ ಯಂತ್ರವಿಲ್ಲದೆಯೇ ಪಾಂಡವಪುರ ತಾಲ್ಲೂಕಿನಲ್ಲಿ ನಡೆದಿದೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖೋಡೆ ಪ್ರತಿಷ್ಠಾನದವರು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿಸಿದರು. ಬಿಚ್ಚುವ ಮುನ್ನ ಸಾವಿರಾರು ಫೋಟೊ ತೆಗೆದರು, ಕಲ್ಲುಗಳಿಗೆ ಗುರುತು ಹಾಕಿದರು. ರೂಪ ಒಂದೇ ಆಗಿದ್ದರೂ ಗುರುತು ಬೇರೆಯಾದ್ದರಿಂದ ಈ ಕಲ್ಲು ಆ ಕಲ್ಲಾಗುವ ಭಯವಿರಲಿಲ್ಲ.

ಫೋಟೊಗಳಿಂದ ದೃಶ್ಯವನ್ನು ಮರಳಿ ಕಟ್ಟುವ ಸಂಶೋಧಕರ ಬಳಿ ಒಂದು ಪ್ರಾಮಾಣಿಕ ಪರೀಕ್ಷೆಯಿದೆ: ಕೆಲವು ಫೋಟೊಗಳನ್ನು ಬಚ್ಚಿಟ್ಟು, ಆ ಜಾಗದಿಂದ ಹೇಗೆ ಕಾಣುತ್ತದೆಂದು ಯಂತ್ರವನ್ನು ಕೇಳುವುದು. ಅದೂ ಪೂರ್ತಿ ಸಾಲದು. ಮುರಿದ ಸೊಂಡಿಲನ್ನು ಯಂತ್ರ ತಾನೇ ಸರಿಪಡಿಸಿ ತೋರಿಸಿದರೆ, ಇಡೀ ಚಿತ್ರದ ಸರಾಸರಿಯಲ್ಲಿ ಆ ತಪ್ಪು ಕರಗಿಹೋಗುತ್ತದೆ. ದಾಖಲೆಯ ದೃಷ್ಟಿಯಿಂದ ತುಂಬಿಸಿದ ಸೊಂಡಿಲಿಗಿಂತ ಖಾಲಿ ಜಾಗವೇ ಮೇಲು.

ಇನ್ನು ಪೋರ್ಟರ್ ದಾರಿ: ಚಿತ್ರ ನೋಡಿ ಮಾತಾಡುವ ಎಐ ಮಾದರಿಗಳ ಪರೀಕ್ಷೆ ಇದಕ್ಕಿಂತ ಸಡಿಲ. ಚಿತ್ರ ತೋರಿಸಿ ಪ್ರಶ್ನೆ ಕೇಳುವ ಒಂದು ಹೆಸರಾಂತ ಪ್ರಶ್ನೆಸಂಚಯವನ್ನು 2017ರಲ್ಲಿ ಯಶ್ ಗೋಯಲ್, ಧ್ರುವ್ ಬತ್ರಾ, ದೇವಿ ಪಾರಿಖ್ ಮತ್ತಿತರರು ಬಗೆದು ನೋಡಿದರು. ‘ಇಂಥದ್ದು ಕಾಣುತ್ತಿದೆಯೇ’ ಎಂದು ಶುರುವಾಗುವ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ‘ಹೌದು’ ಎಂದರೆ ಶೇ. 87 ಸರಿ, ‘ಯಾವ ಆಟ’ ಎಂಬುದಕ್ಕೆ ‘ಟೆನಿಸ್’ ಎಂದರೆ ಶೇ. 41 ಸರಿ. ಗೈಡ್ ಉರುಹೊಡೆದು ಪಾಸಾದ ಹುಡುಗನಿಗೂ ಇದಕ್ಕೂ ಏನು ವ್ಯತ್ಯಾಸ? ಅವರು ಕಂಡುಕೊಂಡ ಮದ್ದು, ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರುವ ಎರಡು ಹೋಲುವ ಚಿತ್ರಗಳನ್ನು ಜೋಡಿ ಮಾಡುವುದು. ಅಷ್ಟಾದರೂ ರೋಗ ಹೋಗಲಿಲ್ಲ. ಕಾಲೇಜು ಮಟ್ಟದ ಎಂಎಂಎಂಯು ಪರೀಕ್ಷೆಯಲ್ಲಿ ಗೂಗಲ್‌ನ ಜೆಮಿನಿ ಪ್ರೊ ಮಾದರಿ ಚಿತ್ರವನ್ನೇ ನೋಡದೆ ಶೇ. 42.9 ಅಂಕ ತೆಗೆದುಕೊಂಡಿತೆಂದು 2024ರಲ್ಲಿ ಇನ್ನೊಂದು ತಂಡ ತೋರಿಸಿತು.

ಇಂಥ ಜೋಡಿ ಚಿತ್ರಗಳ ಪ್ರಶ್ನೆಗಳನ್ನು ಬರೆಯಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕು ಒಳ್ಳೆಯ ಜಾಗ. ಮೇಲುಕೋಟೆಯ ರಾಯಗೋಪುರದ ಫೋಟೊ ಕೊಟ್ಟು ‘ಇದು ಕುಸಿದದ್ದೋ, ಕಟ್ಟಿ ಮುಗಿಸದ್ದೋ’ ಎಂದು ಕೇಳಿ. ಹೆಸರು ಗುರುತಿಸಿದ ಮಾದರಿ ಓದಿದ್ದನ್ನು ಒಪ್ಪಿಸೀತು. ಅದರ ಪಕ್ಕದಲ್ಲೇ ನಿಜವಾಗಿ ಕುಸಿದ ಮಂಟಪದ ಫೋಟೊ ಇಡಿ, ಹೆಸರು ಮರೆಮಾಡಿ, ಆಗ ಅದು ಕಲ್ಲನ್ನೇ ನೋಡಬೇಕಾಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇನ್ನೂ ಕಷ್ಟದ್ದು: ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೊಮ್ಮೆ ಅದರ ಮೇಲೆ ಕೈಯಾಡಿಸಲಾಗಿದೆ. ‘ಈ ಬಣ್ಣ ಯಾವ ಕಾಲದ್ದು’ ಎಂಬುದಕ್ಕೆ ‘ಈ ಫೋಟೊದಿಂದ ಹೇಳಲಾಗದು’ ಎಂಬುದೇ ಸರಿಯುತ್ತರ, ಅದಕ್ಕೆ ಪೂರ್ಣ ಅಂಕ ಕೊಡಬೇಕು. ನಾಗಮಂಗಲದ ಸೌಮ್ಯಕೇಶವನ ಗುಡಿಯಲ್ಲಿ ಹೊಯ್ಸಳರ ಕೆಲಸದ ಮುಂದೆ ನಂತರದ ಕಾಲದ ಗೋಪುರ ನಿಂತಿದೆ. ಒಂದೇ ಫೋಟೊದೊಳಗೆ ಎರಡು ಕಾಲ. ಎಲ್ಲಕ್ಕೂ ‘ಹೊಯ್ಸಳ’ ಎನ್ನುವ ಮಾದರಿ ಅಲ್ಲಿ ಸಿಕ್ಕಿಬೀಳುತ್ತದೆ.

ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಮಾಸಿದ ಅಕ್ಷರದ ಆಳವೂ ಅದರಲ್ಲಿ ಉಳಿಯುತ್ತದೆ. ನಮ್ಮಲ್ಲಿಯೂ ಕಾಲೇಜಿಗೊಂದು ತಂಡ ಕಟ್ಟಿ, ಮೊಬೈಲ್ ಜೊತೆಗೆ ಅಳತೆ ಕೋಲೊಂದನ್ನು ಒಯ್ದು, ಊರಿನ ಒಂದೊಂದು ಶಾಸನವನ್ನು ಸುತ್ತಲೂ ಚಿತ್ರಿಸಬಹುದು. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಲಿ. ಫೋಟೊಗಳಲ್ಲಿ ಐದಕ್ಕೊಂದನ್ನು ಯಾರಿಗೂ ಕೊಡದೆ ಬೀಗ ಹಾಕಿಡಲಿ. ಮುಂದೆ ಬರುವ ಮಾದರಿಗಳನ್ನು ಅವುಗಳಿಂದಲೇ ಪರೀಕ್ಷಿಸೋಣ.