ಕಡಿದ ಎಳೆಗೆ ಅಂದೇ ಗಂಟು



ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದುಹೋದರೆ ಮಗ್ಗದ ಸದ್ದು ಕಿವಿ ತುಂಬುತ್ತದೆ. ಸಾವಿರಾರು ವಿದ್ಯುತ್ ಮಗ್ಗಗಳಿರುವ ಊರು ಅದು. ಅನೇಕರಿಗೆ ಮನೆಯೇ ಕಾರ್ಖಾನೆ. ಅಂಥ ಒಂದು ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹಾಸಿನ ಒಂದು ಎಳೆ ಕಡಿಯಿತೆಂದರೆ ನೇಕಾರರು ಮಗ್ಗ ನಿಲ್ಲಿಸುತ್ತಾರೆ. ಕಡಿದ ತುದಿ ಹುಡುಕಿ ಗಂಟು ಹಾಕುತ್ತಾರೆ. ಮತ್ತೆ ಲಾಳಿ ಓಡುತ್ತದೆ. ಇಷ್ಟೊಂದು ಎಳೆಗಳಿರುವಾಗ ಒಂದು ಹೋದರೇನು ಎಂದು ಅವರು ಬಿಡುವುದಿಲ್ಲ. ಬಿಟ್ಟರೆ ಆ ಒಂದು ಎಳೆಯ ಕೊರತೆ ಬಟ್ಟೆಯ ಉದ್ದಕ್ಕೂ ಗೆರೆಯಾಗಿ ಕಾಣುತ್ತದೆ.

ಮನುಷ್ಯ ಸಂಬಂಧಗಳೂ ಹೀಗೆಯೇ ಎಂಬುದು ನನಗೆ ತಿಳಿದದ್ದು ತಡವಾಗಿ. ದಿನನಿತ್ಯದ ಸಣ್ಣ ಅಭ್ಯಾಸಗಳ ಬಗ್ಗೆ ಇವತ್ತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕಾಗಿದೆ. ಇದು ಉಪದೇಶವೆನಿಸಬಾರದು. ಆದ್ದರಿಂದ ನಮ್ಮ ಮನೆಯ ಮಾತಿನಿಂದಲೇ ಆರಂಭಿಸುತ್ತೇನೆ.

ನಮ್ಮದು ದೇವನಹಳ್ಳಿ ಸೀಮೆಯ ಒಂದು ಹಳ್ಳಿ. ರಾಗಿ ಹೊಲ, ಎರಡು ಹಸು, ಅಣ್ಣ ಮತ್ತು ನಾನು. ಬೆಳಗ್ಗೆ ಇಬ್ಬರೂ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಿದ್ದೆವು. ಹಾಲು ಹಾಕಿ ಬಂದು ಜಗಲಿಯ ಮೇಲೆ ಕುಳಿತರೆ ಅತ್ತಿಗೆ ಕಾಫಿ ತಂದುಕೊಡುತ್ತಿದ್ದರು. ಆ ಹತ್ತು ನಿಮಿಷದಲ್ಲಿ ದೊಡ್ಡ ವಿಷಯವೇನೂ ಬರುತ್ತಿರಲಿಲ್ಲ. ಮಳೆ, ಮೇವು, ಯಾರ ಮನೆಯ ಮದುವೆ, ಯಾರ ಕರು ಸತ್ತಿತು, ಇಷ್ಟೇ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾಯಿತು. ಆ ವರ್ಷಗಳಲ್ಲಿ ಸುತ್ತಮುತ್ತಲ ಜಮೀನಿನ ಬೆಲೆ ನಮ್ಮ ಹಿರಿಯರು ಕನಸಿನಲ್ಲೂ ಕಾಣದಷ್ಟು ಏರಿತು. ನಾನು ಒಂದು ಬೈಕು ಕೊಂಡೆ. ಹಾಲು ಹಾಕಿದವನೇ ಅಲ್ಲಿಂದಲೇ ಪೇಟೆಗೆ ಹೊರಡತೊಡಗಿದೆ. ಜಗಲಿಯ ಕಾಫಿ ನಿಂತಿತು. ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಮೂರು ವರ್ಷದ ಮೇಲೆ ಜಮೀನಿನ ಭಾಗದ ಮಾತು ಬಂದಾಗ ನಮ್ಮಿಬ್ಬರ ನಡುವೆ ಬೇರೆ ಯಾವ ಮಾತೂ ಉಳಿದಿರಲಿಲ್ಲ. ಬಾಯಿ ಬಿಟ್ಟರೆ ಗುಂಟೆ, ಗಡಿ, ರೇಟು. ಒಂದು ಸಂಜೆ ಮಾತಿಗೆ ಮಾತು ಬೆಳೆಯಿತು. ಹಟ್ಟಿಯ ನಡುವೆ ಗೋಡೆ ಎದ್ದಿತು. ನಾಲ್ಕು ವರ್ಷ ನಾವು ಅಣ್ಣತಮ್ಮಂದಿರು ಒಂದೇ ಡೇರಿಯ ಸಾಲಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜಗಳವಾದ್ದರಿಂದ ಮಾತು ನಿಂತಿತು ಎಂದೇ ಬಹಳ ದಿನ ತಿಳಿದಿದ್ದೆ. ಲೆಕ್ಕ ಹಾಕಿ ನೋಡಿದರೆ ಅದು ತಿರುಗುಮುರುಗು. ಮಾತು ಮೊದಲೇ ನಿಂತಿತ್ತು. ಜಗಳ ಆಮೇಲೆ ಬಂತು. ಕಡಿದ ಎಳೆಯನ್ನು ಕಟ್ಟದೆ ಮೂರು ವರ್ಷ ನೇಯ್ದ ಬಟ್ಟೆ ನಮ್ಮದು.

ಒಂದು ವಾರ ಅಣ್ಣ ಡೇರಿಗೆ ಬರಲಿಲ್ಲ. ಜ್ವರವೆಂದು ಯಾರೋ ಹೇಳಿದರು. ಅವನು ಮತ್ತೆ ಬಂದ ದಿನ, ಹಾಲು ಹಾಕಿ ಹೊರಟವನು ಬೈಕಿನ ಬಳಿ ನಿಂತೆ. “ಅಣ್ಣಾ, ಹಸ ಮೇವು ತಿಂತೈತಾ?” ಎಂದು ಕೇಳಿದೆ. ಅವನ ಆರೋಗ್ಯ ಕೇಳುವಷ್ಟು ಧೈರ್ಯವಿರಲಿಲ್ಲ. ಅವನು “ಹೂಂ” ಎಂದು ನಡೆದುಬಿಟ್ಟ. ಮಾರನೆಯ ದಿನವೂ ಕೇಳಿದೆ. ಅದೇ “ಹೂಂ”. ಕೆಲವು ದಿನ ನನಗೇ ಬೇಸರವಾಗಿ ಕೇಳದೆ ಹೋದದ್ದೂ ಉಂಟು. ಒಂದೂವರೆ ತಿಂಗಳ ಮೇಲೆ ಒಂದು ಬೆಳಗ್ಗೆ ಅವನಾಗಿಯೇ ನಿಂತು, “ನಿನ್ ಮಂಡಿ ನೋವು ಹೆಂಗೈತೋ?” ಎಂದ. ನನ್ನ ಮಂಡಿ ನೋಯುವುದು ಅವನಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಇಷ್ಟರಿಂದ ಜಮೀನಿನ ತಕರಾರು ಮುಗಿಯಿತೆಂದು ತಿಳಿಯಬೇಡಿ. ಅದಕ್ಕೆ ಸರ್ವೆ ಆಗಬೇಕಾಯಿತು, ಹಿರಿಯರು ಕೂರಬೇಕಾಯಿತು. ಗಡಿಯ ಹೊಂಗೆ ಮರ ಅಣ್ಣನ ಪಾಲಿಗೆ ಹೋಯಿತು. ನನಗೆ ಬೇಸರವೂ ಆಯಿತು. ಆದರೆ ಎದುರು ಬದುರು ಕುಳಿತು ಮಾತಾಡಲು ಸಾಧ್ಯವಾದದ್ದು ಆ ದಿನನಿತ್ಯದ ಒಂದು ಪ್ರಶ್ನೆಯಿಂದ.

ಅಭ್ಯಾಸಗಳ ಬಗ್ಗೆ ತಿಳಿದವರು ನಡೆಸಿದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಕೂಡಿಬರುತ್ತದೆ ಎಂದು ಕೆಲವರು ಹೇಳುವುದುಂಟು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ. ತಿನ್ನುವುದು, ಕುಡಿಯುವುದು, ವ್ಯಾಯಾಮ ಇಂಥ ಒಂದು ಸಣ್ಣ ಕೆಲಸವನ್ನು ದಿನದ ಗೊತ್ತಾದ ಒಂದು ಸಂದರ್ಭಕ್ಕೆ, ತಿಂಡಿಯಾದ ಮೇಲೆ ಎಂಬಂತೆ, ಜೋಡಿಸಿಕೊಳ್ಳಲು ಅವರಿಗೆ ಹೇಳಲಾಗಿತ್ತು. ಯೋಚಿಸದೆ ತಾನೇ ತಾನಾಗಿ ಆಗುವಂತಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೆ ಬೇಕೆಂದು ಲೆಕ್ಕ ಸಿಕ್ಕಿತು. ನಡುವಿನ ಲೆಕ್ಕ 66 ದಿನ. ಇನ್ನೊಂದು ಸಮಾಧಾನದ ಮಾತೂ ಅದರಲ್ಲಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ, ಅಭ್ಯಾಸ ಬೇರೂರುವ ತನಕ ಒಮ್ಮೆಯೂ ತಪ್ಪಬಾರದೆಂದು ಎಚ್ಚರಿಸಿದ್ದರು. ತಪ್ಪುವುದನ್ನು ಸುತ್ತುತ್ತಿದ್ದ ದಾರದ ಉಂಡೆ ಕೈಜಾರಿದ್ದಕ್ಕೆ ಹೋಲಿಸಿದ್ದರು. ಎಚ್ಚರಿಕೆ ಒಳ್ಳೆಯದೇ. ಆದರೆ ನಮ್ಮ ನೇಕಾರರನ್ನು ಕೇಳಿದರೆ ಎಳೆ ಕಡಿಯುವುದು ಕಸುಬಿನ ಒಂದು ಭಾಗ ಎನ್ನುತ್ತಾರೆ. ಕಟ್ಟದೆ ಬಿಡುವುದೇ ತಪ್ಪು.

ಹಾಗಾದರೆ ನಾವು ಮಾಡಬಹುದಾದದ್ದೇನು?

ಮೊದಲನೆಯದು, ಹೊಸ ಅಭ್ಯಾಸವನ್ನು ಹಳೆಯ ಕೆಲಸಕ್ಕೆ ಕಟ್ಟಿ. ಹಾಲು ಹಾಕಿದ ಮೇಲೆ ಅಣ್ಣನನ್ನು ಮಾತಾಡಿಸುವುದು ಎಂದಿದ್ದರಿಂದ ನನಗೆ ಅದು ನೆನಪಿನಲ್ಲಿ ಉಳಿಯಿತು. ಬಿಡುವಾದಾಗ ಮಾತಾಡಿಸೋಣ ಎಂದಿದ್ದರೆ ಬಿಡುವು ಇಂದಿಗೂ ಆಗುತ್ತಿರಲಿಲ್ಲ.

ಎರಡನೆಯದು, ಅಭ್ಯಾಸ ಚಿಕ್ಕದಾಗಿರಲಿ. ರಾತ್ರಿ ಮುದ್ದೆ ಮುರಿಯುವಾಗ ಮೊಬೈಲು ಗೂಡಿನಲ್ಲಿರಲಿ. ಆ ದಿನದ ಒಂದು ಸಂಗತಿಯನ್ನು ಪ್ರತಿಯೊಬ್ಬರೂ ಹೇಳಲಿ. ಮನೆಯ ಸೊಸೆಯೂ ಕೂತು ಹೇಳಲಿ, ಮಗುವೂ ಹೇಳಲಿ. ಬಡಿಸುವವರು ಕೊನೆಗೆ ಒಬ್ಬರೇ ಉಣ್ಣುವ ಮನೆಯಲ್ಲಿ ಎಷ್ಟೋ ಮಾತು ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ.

ಮೂರನೆಯದು, ದಿನಕ್ಕೊಮ್ಮೆ ತನ್ನ ಲೆಕ್ಕ ತಾನು ನೋಡುವುದು. ಡೇರಿಯ ಪಾಸ್‌ಪುಸ್ತಕದಲ್ಲಿ ಹಾಲಿನ ಲೆಕ್ಕ ಬೀಳುವ ಹಾಗೆ, ಮಲಗುವ ಮುನ್ನ ಒಂದು ನೋಟುಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಇವತ್ತು ಯಾರ ಮೇಲೆ ಸಿಡುಕಿದೆ? ನಾಳೆ ಏನು ಸರಿಪಡಿಸಬೇಕು? ನಾನು ಹೀಗೆ ಬರೆಯತೊಡಗಿದ ಮೇಲೆ ಒಂದು ಸಂಗತಿ ಕಂಡೆ. ಹೆಚ್ಚು ಸಿಡುಕಿದ್ದು ಹಸಿದಿದ್ದಾಗ, ಅವಸರದಲ್ಲಿದ್ದಾಗ. ತಪ್ಪು ಎದುರಿಗಿದ್ದವರದು ಎಂದುಕೊಂಡಿದ್ದೆ, ಸಾಲುಗಳು ಬೇರೆಯೇ ಹೇಳಿದವು. ವ್ಯಕ್ತಿಯ ಬೆಳವಣಿಗೆ ಎಂಬುದನ್ನು ನಾನು ಕಂಡುಕೊಂಡದ್ದು ಇಷ್ಟರಲ್ಲೇ.

ಒಂದು ಮಾತು ಮರೆಯಬಾರದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ, ಕುಡಿತ ಮಿತಿಮೀರಿದ್ದರೆ, ಸಣ್ಣ ಅಭ್ಯಾಸದಿಂದ ಸರಿಹೋಗಲಿ ಎಂದು ಕಾಯುವುದು ಸಲ್ಲದು. ಅಲ್ಲಿ ಹಿರಿಯರ, ವೈದ್ಯರ, ಕಾನೂನಿನ ನೆರವು ಬೇಕು.

ನಮ್ಮ ಹಟ್ಟಿಯ ಗೋಡೆ ಇಂದಿಗೂ ಇದೆ. ಅದರಲ್ಲಿ ಒಂದು ಬಾಗಿಲು ಇಡಿಸಿದ್ದೇವೆ. ಬೆಳಗ್ಗೆ ಅದರ ಮೂಲಕ ಅತ್ತಿಗೆಯ ಕಾಫಿ ಬರುತ್ತದೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾವ ಮಾತು ಸದ್ದಿಲ್ಲದೆ ನಿಂತಿದೆ? ಇವತ್ತು ಈ ಕಾರ್ಯಕ್ರಮ ಮುಗಿದ ಮೇಲೆ ಒಮ್ಮೆ ಯೋಚಿಸಿ. ಗುರುತು ಸಿಕ್ಕಿದರೆ ನಾಳೆಯವರೆಗೆ ಕಾಯಬೇಡಿ. “ಊಟ ಆಯ್ತಾ?” ಎಂದು ಕೇಳಿದರೂ ಸಾಕು, ಗಂಟು ಹಾಕಲು ತುದಿ ಸಿಕ್ಕಂತೆ.