ಚುಕ್ಕಿಗಳ ನಡುವಿನ ತೆರಪು

ಶಾಲೆಯ ಬೀಜಗಣಿತದಲ್ಲಿ ನಕ್ಷೆಯೆಂದೊಡನೆ ಮಕ್ಕಳ ಕೈ ಅಳತೆಪಟ್ಟಿಯತ್ತ ಹೋಗುತ್ತದೆ. ಚುಕ್ಕಿಗಳನ್ನು ಇಟ್ಟ ಮೇಲೆ ಗೆರೆಯೆಳೆದು ಕೂಡಿಸಲೇಬೇಕೆಂಬ ನಂಬಿಕೆ ಅಷ್ಟು ಬಲವಾದದ್ದು. ಆದರೆ ಕೂಡಿಸಬಾರದ ನಕ್ಷೆಗಳೂ ಉಂಟು. ಬಿಡಿಬಿಡಿ ಚುಕ್ಕಿಗಳಷ್ಟೇ ಇರುವ ಇವುಗಳನ್ನು ವಿವಿಕ್ತ ನಕ್ಷೆಗಳೆನ್ನುತ್ತಾರೆ.

ಶ್ರೋತೃಗಳು ಸಾಹಿತ್ಯಪ್ರಿಯರಾದುದರಿಂದ ಉದಾಹರಣೆಯನ್ನೂ ಸಾಹಿತ್ಯದಿಂದಲೇ ತರುತ್ತೇನೆ. ಕನ್ನಡಕ್ಕೆ ಸಂದ ಮೊದಲ ಎಂಟು ಜ್ಞಾನಪೀಠ ಪ್ರಶಸ್ತಿಗಳನ್ನು ನೋಡೋಣ. ಅಡ್ಡಗೆರೆಯ ಮೇಲೆ ಪ್ರಶಸ್ತಿಯ ಕ್ರಮಸಂಖ್ಯೆ. ನಿಂತ ಗೆರೆಯ ಮೇಲೆ ಅದು ಯಾವ ವರ್ಷದ್ದೋ ಆ ವರ್ಷ. ಕುವೆಂಪು ಅವರದು 1967, ಬೇಂದ್ರೆಯವರದು 1973, ಕಾರಂತರದು 1977, ಮಾಸ್ತಿಯವರದು 1983, ಗೋಕಾಕರದು 1990, ಅನಂತಮೂರ್ತಿಯವರದು 1994, ಕಾರ್ನಾಡರದು 1998, ಕಂಬಾರರದು 2010. ಎಂಟು ಚುಕ್ಕಿಗಳಾದುವು.

ಪ್ರತಿಯೊಂದು ಚುಕ್ಕಿಯಿಂದ ನೇರವಾಗಿ ಕೆಳಗಿಳಿದರೆ ಅಡ್ಡಗೆರೆಯ ಮೇಲೆ ದೊರೆಯುವ ಸಂಖ್ಯೆಗಳ ಗಣವೇ ಡೊಮೈನ್, ಅಂದರೆ ಕ್ಷೇತ್ರ. ಇಲ್ಲಿ ಅದು 1ರಿಂದ 8ರವರೆಗಿನ ಪೂರ್ಣಾಂಕಗಳು. ಎಡಕ್ಕೆ ಸರಿದು ನಿಂತ ಗೆರೆಯನ್ನು ಮುಟ್ಟಿದರೆ ದೊರೆಯುವುದು ರೇಂಜ್, ಅಂದರೆ ವ್ಯಾಪ್ತಿ; ಮೇಲೆ ಹೇಳಿದ ಎಂಟು ವರ್ಷಗಳು. 'ವ್ಯಾಪ್ತಿ 1967ರಿಂದ 2010ರವರೆಗೆ' ಎಂದು ಬರೆದ ವಿದ್ಯಾರ್ಥಿಯ ಅಂಕ ಕಳೆಯುವುದು ನ್ಯಾಯವೇ. ನಡುವಣ ಎಲ್ಲ ವರ್ಷಗಳಲ್ಲೂ ಅವನು ಕನ್ನಡಕ್ಕೆ ಪ್ರಶಸ್ತಿ ಕೊಡಿಸಿಬಿಟ್ಟಿದ್ದಾನೆ! ಮೂರನೆಯ, ನಾಲ್ಕನೆಯ ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿದರಂತೂ ಕಾರಂತರಿಗೂ ಮಾಸ್ತಿಯವರಿಗೂ ನಟ್ಟನಡುವೆ, 1980ರಲ್ಲಿ, ಮೂರೂವರೆಯನೆಯ ಪ್ರಶಸ್ತಿಯೊಂದು ಹುಟ್ಟಿಕೊಳ್ಳುತ್ತದೆ. ಅದನ್ನು ಪಡೆದವರು ಯಾರು?

ಈಗ ಪ್ರಶ್ನೆಯನ್ನೇ ಬದಲಿಸೋಣ. ಅಡ್ಡಗೆರೆಯ ಮೇಲೆ 1967ರಿಂದ 2010ರವರೆಗಿನ ಪ್ರತಿಯೊಂದು ವರ್ಷ. ಎತ್ತರದಲ್ಲಿ ಆ ವರ್ಷದ ಪ್ರಶಸ್ತಿ ಪಡೆದ ಕನ್ನಡ ಲೇಖಕರ ಸಂಖ್ಯೆ. ಚುಕ್ಕಿಗಳು 44, ಕ್ಷೇತ್ರದಲ್ಲಿ ವರ್ಷಗಳೂ 44. ವ್ಯಾಪ್ತಿಯಲ್ಲಿ ಮಾತ್ರ 0 ಮತ್ತು 1, ಎರಡೇ. ಗಣದಲ್ಲಿ ಒಂದು ಸಂಖ್ಯೆಯನ್ನು ಒಮ್ಮೆ ಹೇಳಿದರೆ ಸಾಕು. ಎಂಟು ಸಲ ಬಂದ ಒಂದನ್ನು ಎಂಟು ಸಲ ಬರೆಯಬೇಕಾಗಿಲ್ಲ. ಉಳಿದ 36 ಚುಕ್ಕಿಗಳು ಅಡ್ಡಗೆರೆಯ ಮೇಲೆಯೇ ಮಲಗಿವೆ. ಏನೂ ಇಲ್ಲವೆಂದು ಮಕ್ಕಳು ಇವುಗಳನ್ನು ಬಿಟ್ಟುಬಿಡುವುದುಂಟು. ಆದರೆ 1978ರಲ್ಲಿ ಸೊನ್ನೆ ಎಂಬುದು ಪ್ರಶ್ನೆಗೆ ದೊರೆತ ಉತ್ತರ. ಮೂರೂವರೆಯನೆಯ ಪ್ರಶಸ್ತಿಯದಾದರೋ ಕೇಳಲೇ ಬಾರದ ಪ್ರಶ್ನೆ.

ಇನ್ನೊಂದು ಮಾತು. 1967ರ ಪ್ರಶಸ್ತಿಯಲ್ಲಿ ಗುಜರಾತಿಯ ಉಮಾಶಂಕರ ಜೋಶಿಯವರೂ 1973ರದರಲ್ಲಿ ಒಡಿಯಾದ ಗೋಪೀನಾಥ ಮೊಹಾಂತಿಯವರೂ ಸಹಭಾಗಿಗಳು. ಎಲ್ಲ ಭಾಷೆಗಳ ಲೇಖಕರನ್ನೂ ಎಣಿಸುವುದಾದರೆ ಆ ಎರಡು ಚುಕ್ಕಿಗಳು 2ಕ್ಕೆ ಏರುತ್ತವೆ, ವ್ಯಾಪ್ತಿ ಬದಲಾಗುತ್ತದೆ. ಕ್ಷೇತ್ರ ಮಾತ್ರ ಅದೇ 44 ವರ್ಷಗಳು.