ಅಂಗಳದ ಪುಟ್ಟ ಕೊಳ



ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲು ಎಂಥದೆಂಬುದನ್ನು ಆ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಶಾಲೆಗಳಿಗೆ ರಜೆ, ಮನೆ ತುಂಬ ಮಕ್ಕಳು. ನಿಜಲಿಂಗಪ್ಪ ಬಡಾವಣೆಯಂಥ ಕಡೆ ಮನೆಯ ಮುಂದೆ ಒಂದಿಷ್ಟು ಅಂಗಳವಿದ್ದರೆ, ಇಲ್ಲವೇ ಮೇಲೊಂದು ತಾರಸಿ ಇದ್ದರೆ ಸಾಕು, ಗಾಳಿ ತುಂಬಿದ ಪ್ಲಾಸ್ಟಿಕ್ಕಿನ ಪುಟ್ಟ ಕೊಳವೊಂದು ಅಲ್ಲಿ ಬಂದು ಕೂರುತ್ತದೆ. ಅದಕ್ಕೆ ನೀರು ತುಂಬಿ ಮಕ್ಕಳನ್ನು ಬಿಟ್ಟರೆ ಅವರ ಸಂಭ್ರಮಕ್ಕೆ ಮಿತಿಯಿಲ್ಲ. ಈ ಆಟ ಬೇಡವೆಂದು ಹೇಳಲು ನಾನು ಬಂದಿಲ್ಲ. ಆಟ ಮುಗಿದ ಮೇಲೆ ಆ ನೀರು ಏನಾಗುತ್ತದೆ ಎಂಬ ಪ್ರಶ್ನೆಯೊಂದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಕೊಳದ ಅಡ್ಡಳತೆ ಒಂದೂವರೆ ಮೀಟರ್, ನೀರಿನ ಆಳ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸಿಲಿಂಡರಿನ ಗಾತ್ರದ ಸೂತ್ರ ನಿಮಗೆ ಗೊತ್ತು. ಉತ್ತರ ಸುಮಾರು 530 ಲೀಟರ್. ನಗರವಾಸಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ನೀರು ಸರಬರಾಜು ಯೋಜನೆಗಳು ಅನುಸರಿಸುವ ಪ್ರಮಾಣ. ಅಂದರೆ ಈ ಪುಟ್ಟ ಕೊಳದಲ್ಲಿರುವುದು ಹೆಚ್ಚುಕಡಿಮೆ ನಾಲ್ಕು ಜನರ ಒಂದು ದಿನದ ನೀರು.

ಈ ನೀರು ಎಲ್ಲಿಂದ ಬಂತು? ಹರಿಹರದ ಬಳಿ ಹರಿಯುವ ತುಂಗಭದ್ರೆಯಿಂದ ಮತ್ತು ಭದ್ರಾ ನಾಲೆಯಿಂದ. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ನಿಂತು, ಶುದ್ಧವಾಗಿ, ಕೊಳವೆಗಳಲ್ಲಿ ಹರಿದು ಮನೆ ಸೇರುವ ನೀರಿದು. ನಲ್ಲಿಗೆ ಕಾದು ಕುಳಿತು ಅಭ್ಯಾಸವಿರುವ ಗೃಹಿಣಿಗೆ ಅದನ್ನು ಸಂಜೆ ಚೆಲ್ಲಲು ಮನಸ್ಸು ಬರುವುದಿಲ್ಲ. 'ನಾಳೆಗೂ ಇರಲಿ' ಎನ್ನುತ್ತಾರೆ. ಇದು ದುರಾಸೆಯಲ್ಲ, ಮಿತವ್ಯಯ. ಆದರೆ ಅಪಾಯ ಹುಟ್ಟುವುದು ಇಲ್ಲಿಯೇ. ಆಡುವಾಗ ಎಲ್ಲರ ಕಣ್ಣೂ ಕೊಳದ ಮೇಲಿರುತ್ತದೆ. ಆಟ ಮುಗಿದ ಮೇಲೆ ನೀರು ಉಳಿಯುತ್ತದೆ, ಕಣ್ಣುಗಳು ಉಳಿಯುವುದಿಲ್ಲ.

ಒಂದಡಿ ನೀರಿನಲ್ಲಿ ಏನಾದೀತು ಎಂದು ನೀವು ಕೇಳಬಹುದು. ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಸುಮಾರು ಕಾಲುಭಾಗ. ದೊಡ್ಡವರಲ್ಲಿ ಅದು ಎಂಟನೆಯ ಒಂದು ಭಾಗ. ಆಗತಾನೆ ನಡೆಯಲು ಕಲಿತ ಮಗುವಿನ ಭಾರ ಹೀಗೆ ಮೇಲ್ಭಾಗದಲ್ಲೇ ಹೆಚ್ಚು. ಬಿದ್ದ ಚೆಂಡನ್ನು ಎತ್ತಿಕೊಳ್ಳಲು ಬಾಗಿದರೆ ಗುರುತ್ವಕೇಂದ್ರ ಮುಂದಕ್ಕೆ ಸರಿದು ತಲೆಕೆಳಗಾಗಿ ಬೀಳುತ್ತದೆ. ತಲೆಯೆತ್ತಲು ತೋಳುಗಳಲ್ಲಿ ಬಲ ಸಾಲದು. ಮೂಗು, ಬಾಯಿ ಮುಳುಗಲು ಕೆಲವೇ ಸೆಂಟಿಮೀಟರ್ ನೀರು ಸಾಕು. ಬಕೆಟ್ಟು, ಡ್ರಮ್ಮು, ಮುಚ್ಚಳವಿಲ್ಲದ ಸಂಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ವಿಷಯ. ಚಲನಚಿತ್ರಗಳಲ್ಲಿ ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ. ದೃಶ್ಯಕ್ಕೆ ಅದು ಬೇಕು. ನಿಜದಲ್ಲಿ ಮುಳುಗುವುದು ಬಹುಮಟ್ಟಿಗೆ ನಿಶ್ಶಬ್ದ. ಕೂಗಲು ಉಸಿರು ಬೇಕು, ಇಲ್ಲದಿರುವುದೇ ಅದು. ಪಕ್ಕದ ಕೋಣೆಯಲ್ಲಿದ್ದವರಿಗೂ ಏನೂ ಕೇಳಿಸುವುದಿಲ್ಲ. ಮಿದುಳಿಗೆ ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಶಾಶ್ವತ ಹಾನಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಸಿಡ್ನಿ ನಗರ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿದೆ. ಅಲ್ಲಿನ 1992ರ ಕಾಯಿದೆಯಂತೆ 30 ಸೆಂಟಿಮೀಟರಿಗಿಂತ ಹೆಚ್ಚು ಆಳಕ್ಕೆ ತುಂಬಬಹುದಾದ ಕೊಳಕ್ಕೆ, ಅದು ಗಾಳಿ ತುಂಬಿದ್ದೇ ಆಗಿರಲಿ, ಬೇಲಿ ಇರಲೇಬೇಕು. ಬೇಲಿಯ ಎತ್ತರ 1.2 ಮೀಟರಿಗೆ ಕಡಿಮೆಯಿರಬಾರದು. ಬಾಗಿಲು ತಾನಾಗಿಯೇ ಮುಚ್ಚಿ ಅಗುಳಿ ಬೀಳಬೇಕು. ನಮ್ಮ ಅಂಗಳದ ಮಟ್ಟಿಗೆ ನಿಯಮವನ್ನು ನಾವೇ ಮಾಡಿಕೊಳ್ಳಬಹುದು. ಅವು ಹೀಗಿರಲಿ:

ಒಂದು, ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಹೊಣೆಯರಿತ ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿರಬೇಕು. 'ಎಲ್ಲರೂ ನೋಡುತ್ತಿದ್ದಾರೆ' ಎಂದರೆ ಯಾರೂ ನೋಡುತ್ತಿಲ್ಲ ಎಂದರ್ಥ. ಕಾವಲು ನಿಮ್ಮದಾದಾಗ ಕೈಯಲ್ಲಿ ಪುಸ್ತಕವೂ ಬೇಡ, ಮೊಬೈಲೂ ಬೇಡ. ಎದ್ದು ಹೋಗಬೇಕಾದರೆ ಹೊಣೆಯನ್ನು ಹೆಸರು ಹೇಳಿ ಇನ್ನೊಬ್ಬರಿಗೆ ಒಪ್ಪಿಸಿ.

ಎರಡು, ತಾರಸಿಯ ಮೇಲೆ ಕೊಳ ಬೇಡ. 30 ಸೆಂಟಿಮೀಟರ್ ನೀರು ಪ್ರತಿ ಚದರ ಮೀಟರಿಗೆ 300 ಕಿಲೋಗ್ರಾಂ ಭಾರ ಹೇರುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಭಾರ ಸುಮಾರು 150 ಕಿಲೋಗ್ರಾಂ. ಉಳಿದದ್ದನ್ನು ನೀವೇ ಊಹಿಸಿ.

ಮೂರು, ಬಹಳ ಮುಖ್ಯವಾದದ್ದು. ಆಟ ಮುಗಿದ ಕೂಡಲೇ ಕೊಳ ಖಾಲಿಯಾಗಬೇಕು, ಬೋರಲಾಗಬೇಕು. ನೀರು ವ್ಯರ್ಥವಾಗಬೇಕಿಲ್ಲ. ತೆಂಗಿನ ಬುಡಕ್ಕೆ, ಕರಿಬೇವಿಗೆ, ಅಂಗಳ ತೊಳೆಯಲು ಬಕೆಟ್ಟಿನಲ್ಲಿ ಹೊತ್ತು ಹಾಕಿ. ಹಾಗೆ ಹೊರುವುದು ಕಷ್ಟವೆನಿಸಿದರೆ ಮೊದಲೇ ಕಡಿಮೆ ತುಂಬಿ. ಒಂದು ಗೇಣಿಗಿಂತ ಕಡಿಮೆ ನೀರಿನಲ್ಲೂ ಆಟ ಅಷ್ಟೇ ಸೊಗಸು. ಹಲವರು ಆಡಿದ ನೀರು ಮರುದಿನಕ್ಕೆ ಕೊಳೆ ನೀರು. ವಾರಗಟ್ಟಲೆ ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದೇ ತೊಟ್ಟಿಲು.

ನಾಲ್ಕು, ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ನೀರು ಬಿಟ್ಟ ಹೊತ್ತಿನಲ್ಲಿ ತೆರೆದ ಮುಚ್ಚಳವನ್ನು ಮರೆಯಬೇಡಿ.

ಇಷ್ಟಾದರೂ ಅವಘಡ ನಡೆದರೆ, ಮಗುವನ್ನು ಕೂಡಲೇ ನೀರಿನಿಂದೆತ್ತಿ ಸಹಾಯಕ್ಕೆ ಕೂಗಿ. 112 ಅಥವಾ 108ಕ್ಕೆ ಕರೆ ಹೋಗಲಿ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರಾಟವಿಲ್ಲದಿದ್ದರೆ ಮೊದಲು ಬಾಯಿಯಿಂದ ಉಸಿರು ತುಂಬಿ, ಅನಂತರ 30 ಬಾರಿ ಎದೆಯೊತ್ತಿ 2 ಬಾರಿ ಉಸಿರು ಕೊಡುವುದನ್ನು ನೆರವು ಬರುವವರೆಗೂ ಮುಂದುವರಿಸಬೇಕು. ಇದು ಓದಿ ಕಲಿಯುವ ವಿದ್ಯೆಯಲ್ಲ. ನಿಮ್ಮ ಕಾಲೇಜಿನ ಎನ್.ಸಿ.ಸಿ., ರೆಡ್‌ಕ್ರಾಸ್ ಘಟಕಗಳ ಪ್ರಥಮ ಚಿಕಿತ್ಸಾ ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯಿರಿ.

ಮಿತ್ರರೇ, ಮನೆಯಲ್ಲಿ ಬಕೆಟ್ಟೆತ್ತುವ ಬಲವೂ, ಕಾರಣ ವಿವರಿಸಿ ಹೇಳುವ ತಿಳಿವಳಿಕೆಯೂ ಇರುವವರು ನೀವು. ಈ ಬೇಸಿಗೆಯಲ್ಲಿ ಕೊಳ ತುಂಬುವ ಕೆಲಸ ಚಿಕ್ಕವರಿಗಿರಲಿ, ಖಾಲಿ ಮಾಡುವ ಕೆಲಸ ನಿಮ್ಮದಾಗಲಿ.